ಹೊಲಿಯಬೇಕಿತ್ತು, ಹೊಲಿಯಬೇಕಾಯ್ತು

ನಾನು ಇಟಲಿಯ ತೊರೀನೊದಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಬರುವುದೆಲ್ಲ ಆಲ್ಟರೇಷನ್. ಪ್ಯಾಂಟಿನ ಉದ್ದ ಕಮ್ಮಿ ಮಾಡಬೇಕು, ಜಿಪ್ ಬದಲಾಯಿಸಬೇಕು, ಕೋಟಿಗೆ ಹೊಸ ಲೈನಿಂಗ್ ಹಾಕಬೇಕು. ಅಂಗಡಿ ಇರುವುದು ಸಾನ್ ಸಾಲ್ವಾರಿಯೊ ಬಡಾವಣೆಯಲ್ಲಿ. ಪೋರ್ತಾ ನುವೊವಾ ರೈಲು ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರ. ಯಜಮಾನಿಗೆ ಎಪ್ಪತ್ತು ದಾಟಿದೆ. ನಾನು ಅವರನ್ನು ಸಿನ್ಯೋರಾ ಅಂತಲೇ ಕರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಒಬ್ಬರು ಹೆಂಗಸು ಮಗಳ ಮದುವೆಗೆ ಅಂತ ನೀಲಿ ಬಣ್ಣದ ಉದ್ದನೆಯ ಉಡುಪು ಕೊಟ್ಟು ಹೋಗಿದ್ದರು. ಬೇರೆ ಯಾರೋ ಮೊದಲೇ ಅದರ ಅಂಚು ಮಡಚಿ ಹೊಲಿದಿದ್ದರು, ಅದು ಒಂದು ಕಡೆ ಇಳಿದಿತ್ತು. ಬರೀ ಎರಡು ಸೆಂಟಿಮೀಟರ್ ಅಷ್ಟೆ. ಆದರೆ ಹಾಕಿಕೊಂಡು ನಿಂತಾಗ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಪೂರ್ತಿ ಹೊಲಿಗೆ ಬಿಚ್ಚಿ, ಸುತ್ತ ಗುಂಡುಸೂಜಿ ಚುಚ್ಚಿ, ಕೈಯಲ್ಲೇ ಮತ್ತೆ ಹೊಲಿದೆ. ಇಸ್ತ್ರಿ ಮಾಡಿ ಹಿಂದಿನ ಕೋಣೆಯಲ್ಲಿ ತೂಗುಹಾಕಿದೆ.

ಮಧ್ಯಾಹ್ನ ಆ ಹೆಂಗಸಿನ ಫೋನ್ ಬಂತು. ಸಿನ್ಯೋರಾ ರಿಸೀವರ್‌ಗೆ ಕೈ ಅಡ್ಡ ಇಟ್ಟು, ನೀಲಿ ಉಡುಪು ಏನಾಯ್ತು ಅಂತ ನನ್ನನ್ನು ಕೇಳಿದರು. ನಾನು ತುಂಬಾ ಸಮಾಧಾನದಿಂದ ಹೇಳಿದೆ: ‘ದೊವೇವೊ ರಿಫಾರೆ ಲೊರ್ಲೊ.’ ಅಂಚನ್ನು ಮತ್ತೆ ಹೊಲಿಯಬೇಕಾಯ್ತು, ಹೊಲಿದೆ, ಮುಗೀತು. ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟು.

ಸಿನ್ಯೋರಾ ಫೋನಿನಲ್ಲಿ, ಇನ್ನೂ ಆಗಿಲ್ಲ, ನಾಳೆ ಸಂಜೆ ಬನ್ನಿ ಅಂದುಬಿಟ್ಟರು.

ಮದುವೆ ಇದ್ದದ್ದೇ ನಾಳೆ ಬೆಳಗ್ಗೆ. ಆ ತಾಯಿ ಇಪ್ಪತ್ತು ನಿಮಿಷದಲ್ಲಿ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು, ಮಾತು ತಡವರಿಸುತ್ತಿತ್ತು. ನಾನು ಒಳಗಿನಿಂದ ಉಡುಪು ತಂದು ಕೈಗೆ ಕೊಟ್ಟೆ. ಅವರು ಅಂಚನ್ನು ಬೆರಳಲ್ಲಿ ಸವರಿ ನೋಡಿದರು. ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಸಿನ್ಯೋರಾ ಮುಖ. ಆಮೇಲೆ ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತರು. ನಾವು ನೀರು ಕೊಟ್ಟೆವು. ಹೋಗುವಾಗ ನನ್ನ ಕೈ ಹಿಡಿದು ಒತ್ತಿ ಹೋದರು. ಆ ಇಪ್ಪತ್ತು ನಿಮಿಷ ಅವರು ಏನು ಅನುಭವಿಸಿರಬೇಕು ಅಂತ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಒಂದು ಕ್ರಿಯಾಪದದ ರೂಪ ತಪ್ಪಿದ್ದಕ್ಕೆ ಇಷ್ಟೆಲ್ಲ ಆಯ್ತು.

ಅಂಗಡಿ ಮುಚ್ಚಿದ ಮೇಲೆ ಸಿನ್ಯೋರಾ ನನ್ನನ್ನು ಕತ್ತರಿಸುವ ಮೇಜಿನ ಹತ್ತಿರ ಕರೆದರು. ಬಯ್ಯಲಿಲ್ಲ. ಕಂದು ಬಣ್ಣದ ಪ್ಯಾಟರ್ನ್ ಕಾಗದದ ತುಂಡು ತೆಗೆದುಕೊಂಡು, ಮಾರ್ಕಿಂಗ್ ಚಾಕಿನಲ್ಲಿ ಎರಡು ಸಾಲು ಬರೆದರು. ಮೇಲೆ ‘ದೊವೇವೊ ರಿಫಾರೆ’. ಕೆಳಗೆ ‘ಒ ದೊವೂತೊ ರಿಫಾರೆ’. ಮೇಲಿನದರ ಮೇಲೆ ಬೆರಳಿಟ್ಟು, ಇದನ್ನು ಕೇಳಿದರೆ ನಾನು ‘ಎ ಲಾಯ್ ಫತ್ತೊ?’ ಅಂತ ಕೇಳುತ್ತೇನೆ ಅಂದರು. ಹಾಗಂದರೆ, ‘ಮಾಡಿದೆಯಾ?’ ಆಮೇಲೆ ಬೆರಳು ಕೆಳಗಿನ ಸಾಲಿಗೆ ಬಂತು. ಇದನ್ನು ಕೇಳಿದರೆ ನಾನು ಏನೂ ಕೇಳುವುದಿಲ್ಲ, ಮಾಡಿದ್ದೀಯ ಅಂತ ಗೊತ್ತಾಯಿತು ಅಂದರು.

ಆ ಕಾಗದ ಈಗಲೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಚಾಕ್ ಅರ್ಧ ಅಳಿಸಿದೆ.

ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

‘ಅಂಚು ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯ್ತು ಕಣೇ ಅಕ್ಕ.’

‘ಹೊಲಿದಾಗಿತ್ತಲ್ಲ. ಮತ್ತೆ ಅವರು ನಾಳೆ ಬನ್ನಿ ಅಂತ ಯಾಕಂದ್ರು?’

‘ನಾನು ಹೊಲಿಯಬೇಕಿತ್ತು ಅನ್ನೋ ಥರ ಹೇಳ್ಬಿಟ್ಟೆ.’

‘ಅಯ್ಯೋ, ಹೊಲಿಯಬೇಕಿತ್ತು ಅಂದ್ರೆ ಹೊಲಿದಿಲ್ಲ ಅಂತ ತಾನೇ ಅನ್ಕೋತಾರೆ!’

ನಾನು ಫೋನ್ ಹಿಡಿದುಕೊಂಡು ಸುಮ್ನೆ ನಿಂತೆ. ಅಕ್ಕನಿಗೆ ಇಟಾಲಿಯನ್ ಭಾಷೆಯ ಒಂದು ಅಕ್ಷರ ಗೊತ್ತಿಲ್ಲ. ಆದರೆ ಸಿನ್ಯೋರಾ ಚಾಕಿನಲ್ಲಿ ಬರೆದು ತೋರಿಸಿದ್ದನ್ನೇ ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಹೊಲಿಯಬೇಕಿತ್ತು, ಹೊಲಿಯಬೇಕಾಯ್ತು. ಈ ಎರಡನ್ನೂ ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಒಂದರ ಜಾಗಕ್ಕೆ ಇನ್ನೊಂದನ್ನು ಯಾವತ್ತೂ ಹಾಕುವುದಿಲ್ಲ. ಮಕ್ಕಳೂ ಹಾಕುವುದಿಲ್ಲ.

ಹಾಗಾದರೆ ನಾನು ತಪ್ಪಿದ್ದೆಲ್ಲಿ? ಹಳೇ ನೋಟ್ ಬುಕ್ ತೆಗೆದು ನೋಡಿದೆ. ನಾನು ಭಾಷೆ ಕಲಿತದ್ದು ವಯಸ್ಕರಿಗಾಗಿ ಸರ್ಕಾರ ನಡೆಸುವ ಸಂಜೆ ಶಾಲೆಯಲ್ಲಿ. ಬಹಳ ದಿನ ಇರುವವರಿಗೆ ಕೊಡುವ ವಾಸದ ಪರವಾನಗಿ ಬೇಕು ಅಂದರೆ ಎ2 ಅನ್ನುವ ಆರಂಭದ ಮಟ್ಟದ ಇಟಾಲಿಯನ್ ಗೊತ್ತಿರಬೇಕು. ಅದಕ್ಕೆಂದೇ ಶಾಲೆಗೆ ಸೇರಿದ್ದೆ. ತರಗತಿಯಲ್ಲಿ ಬೇರೆ ಬೇರೆ ದೇಶದವರು ಇದ್ದೆವು. ಎಲ್ಲರಂತೆ ನಾನೂ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದೆ. ‘ದೊವೇವೊ’ ಪಕ್ಕದಲ್ಲಿ ‘ಹ್ಯಾಡ್ ಟು’. ಅದರ ಕೆಳಗೆ ‘ಒ ದೊವೂತೊ’, ಅದರ ಪಕ್ಕದಲ್ಲೂ ‘ಹ್ಯಾಡ್ ಟು’. ಎರಡೂ ಒಂದೇ ಅಂತ ನನ್ನ ಕೈಬರಹದಲ್ಲೇ ಇತ್ತು. ನಾನು ಅದನ್ನೇ ನಂಬಿಕೊಂಡೆ. ಕನ್ನಡದಲ್ಲಿ ಬರೆದುಕೊಂಡಿದ್ದರೆ ಒಂದರ ಮುಂದೆ ‘ಬೇಕಿತ್ತು’, ಇನ್ನೊಂದರ ಮುಂದೆ ‘ಬೇಕಾಯ್ತು’ ಅಂತ ತಾನಾಗಿ ಬರುತ್ತಿತ್ತು.

ಇಟಾಲಿಯನ್ ಕಲಿಯುವ ಕನ್ನಡದವರಿಗೆ ನಾನು ಹೇಳಬೇಕಾದದ್ದು ಇದೇ. ಈ ಒಂದು ವಿಷಯದಲ್ಲಿ ಇಂಗ್ಲಿಷಿನ ಬಾಗಿಲಿಂದ ಒಳಗೆ ಹೋಗಬೇಡಿ. ನಮ್ಮ ಮನೆಯ ಬಾಗಿಲೇ ಹತ್ತಿರ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ದೊವೇರೆ’ ಅನ್ನುವುದು ಮೂಲ ಕ್ರಿಯಾಪದ. ‘ದೇವೊ’ ಅಂದರೆ ನಾನು ಮಾಡಬೇಕು. ‘ದೊವೇವೊ’ ಅನ್ನುವ ರೂಪಕ್ಕೆ ಅವರ ವ್ಯಾಕರಣದಲ್ಲಿ ‘ಇಂಪೆರ್ಫೆತ್ತೊ’ ಅಂತ ಹೆಸರು. ಹಳೇ ಲ್ಯಾಟಿನ್ ಅರ್ಥದಲ್ಲಿ ಅದು ‘ಮುಗಿಯದ್ದು’. ಒಂದು ಕೆಲಸ ನನ್ನ ಮೇಲಿತ್ತು ಅಂತ ಮಾತ್ರ ಅದು ಹೇಳುತ್ತದೆ. ಆಯಿತೋ ಇಲ್ಲವೋ ಅಂತ ಹೇಳುವುದಿಲ್ಲ. ಅದಕ್ಕೇ ಕೇಳುವವರು ಮುಂದಿನ ಮಾತಿಗೆ ಕಾಯುತ್ತಾರೆ. ‘ಒ ದೊವೂತೊ’ ಹಾಗಲ್ಲ, ಅದರಲ್ಲಿ ಕೆಲಸ ನಡೆದುಹೋಗಿದೆ. ನಮ್ಮ ‘ಬೇಕಾಯ್ತು’ ಒಳಗೆ ‘ಆಯ್ತು’ ಇದೆಯಲ್ವಾ, ಹಾಗೆ. ಬೇಕಿತ್ತು ಅನ್ನುವುದರಲ್ಲಿ ‘ಇತ್ತು’ ಇದೆ. ಇದ್ದದ್ದು ಆಗಿರಲೇಬೇಕು ಅಂತೇನಿಲ್ಲ.

ದಿನಾ ಮಾಡುತ್ತಿದ್ದ ಕೆಲಸಕ್ಕೂ ‘ದೊವೇವೊ’ ಬರುತ್ತದೆ, ಇದನ್ನು ಮರೆಯಬಾರದು. ಚಿಕ್ಕವಳಿದ್ದಾಗ ದಿನಾ ಐದು ಗಂಟೆಗೆ ಏಳಬೇಕಿತ್ತು ಅನ್ನುವಲ್ಲಿ ಎದ್ದದ್ದು ನಿಜ. ಆದರೂ ‘ದೊವೇವೊ ಅಲ್ತ್ಸಾರ್ಮಿ’ ಅಂತಲೇ ಹೇಳುತ್ತಾರೆ. ನಮ್ಮಲ್ಲಿ ‘ಏಳಬೇಕಾಗ್ತಿತ್ತು’ ಅಂತ ಬೇರೆ ರೂಪವೂ ಇದೆ. ಅವರಲ್ಲಿ ಇಲ್ಲ.

ಇನ್ನು ‘ಇಲ್ಲ’ ಅನ್ನುವ ಕಡೆ ಬಂದರೆ ಕನ್ನಡವೇ ಹೆಚ್ಚು ಸೂಕ್ಷ್ಮ ಅಂತ ನನಗನ್ನಿಸುತ್ತದೆ. ಹೊಲಿಗೆ ಬಿಚ್ಚಬೇಕಾಗಲಿಲ್ಲ. ಬಿಚ್ಚಬೇಕಾಗಿರಲಿಲ್ಲ. ಬಿಚ್ಚಬಾರದಿತ್ತು. ಮೂರಕ್ಕೂ ಮೂರು ಅರ್ಥ. ಮೊದಲನೆಯದಕ್ಕೆ ‘ನೊನ್ ಒ ದೊವೂತೊ’ ಸರಿಹೋಗುತ್ತದೆ. ಉಳಿದ ಎರಡಕ್ಕೂ ಮಾತಿನಲ್ಲಿ ‘ನೊನ್ ದೊವೇವೊ’ ಬರಬಹುದು. ಯಾವುದು ಅಂತ ಧ್ವನಿಯಲ್ಲಿ, ಸಂದರ್ಭದಲ್ಲಿ ತಿಳಿದುಕೊಳ್ಳಬೇಕು. ಮೊದಲ ಕ್ರಿಸ್ಮಸ್‌ಗೆ ನಾನು ಸಿನ್ಯೋರಾಗೆ ಗುಂಡುಸೂಜಿ ಚುಚ್ಚಿಡುವ ದಿಂಬು ಮಾಡಿಕೊಟ್ಟೆ. ಉಳಿದ ರೇಷ್ಮೆ ಚೂರುಗಳನ್ನು ಜೋಡಿಸಿ ಹೊಲಿದದ್ದು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ‘ಮಾ ನೊನ್ ದೊವೇವಿ!’ ಅಂದರು. ಮಾಡಬಾರದಿತ್ತು ಅಂತ ಬಯ್ಯುತ್ತಿದ್ದಾರೆ ಅಂದುಕೊಂಡು ನನ್ನ ಎದೆ ಧಸಕ್ಕೆಂದಿತು. ಆಮೇಲೆ ಅವರ ಕಣ್ಣು ನೋಡಿದೆ. ಅಯ್ಯೋ ಇದೆಲ್ಲ ಯಾಕೆ ಮಾಡೋಕೆ ಹೋದೆ ಅಂತ ನಮ್ಮಲ್ಲಿ ಉಡುಗೊರೆ ತಗೊಳ್ಳುವಾಗ ಹೇಳುತ್ತಾರಲ್ಲ, ಅದೇ ಮಾತು. ಆ ದಿಂಬು ಈಗಲೂ ಮಷಿನ್ ಪಕ್ಕದಲ್ಲಿದೆ.

ನನ್ನ ತಲೆ ಜಾಸ್ತಿ ತಿಂದದ್ದು ‘ಒ’ ಮತ್ತು ‘ಸೊನೊ’ ಜಗಳ. ಇಟಾಲಿಯನ್‌ನಲ್ಲಿ ಮುಗಿದ ಕೆಲಸ ಹೇಳುವಾಗ ಕೆಲವು ಕ್ರಿಯಾಪದಕ್ಕೆ ‘ಒ’ ಸೇರುತ್ತದೆ, ಅಂದರೆ ‘ನನ್ನ ಹತ್ತಿರ ಇದೆ’ ಅನ್ನುವ ಪದ. ಹೋಗು, ಬಾ, ಹೊರಡು ಅನ್ನುವಂಥವಕ್ಕೆ ‘ಸೊನೊ’ ಸೇರುತ್ತದೆ, ಅಂದರೆ ‘ಆಗಿದ್ದೇನೆ’. ದೊವೇರೆ ಬಂದಾಗ ಅದು ತನ್ನ ಇಷ್ಟ ನಡೆಸುವುದಿಲ್ಲ. ಮುಂದೆ ಬರುವ ಕ್ರಿಯಾಪದದ ಮಾತು ಕೇಳುತ್ತದೆ. ಹೊಲಿಯಬೇಕಾಯ್ತು ಅಂದರೆ ‘ಒ ದೊವೂತೊ ಕುಚೀರೆ’. ಹೋಗಬೇಕಾಯ್ತು ಅಂದರೆ ‘ಸೊನೊ ದೊವೂತಾ ಅಂದಾರೆ’. ‘ಅಂದಾರೆ’ ಅಂದರೆ ಹೋಗುವುದು. ನಮ್ಮ ಕಿವಿಗೆ ಯಾರೋ ಏನೋ ಅಂದಾರು ಅನ್ನುವ ಹಾಗೆ ಕೇಳುತ್ತದೆ. ಹಾಗಾಗಿ ನಾನು ಅದನ್ನು ಒಂದೇ ದಿನಕ್ಕೆ ಕಲಿತೆ.

‘ದೊವೂತಾ’ ಕೊನೆಯ ಆಕಾರ ಗಮನಿಸಿ. ನಾನು ಹೆಂಗಸು, ಅದಕ್ಕೇ ಅದು. ಗಂಡಸು ಹೇಳಿದರೆ ‘ಸೊನೊ ದೊವೂತೊ’. ‘ಒ’ ಜೊತೆಗೆ ಬಂದಾಗ ಈ ಬದಲಾವಣೆ ಇಲ್ಲ, ‘ಸೊನೊ’ ಜೊತೆಗೆ ಬಂದಾಗ ಇದೆ. ನಮ್ಮಲ್ಲಿ ಅವನು ಹೋದ, ಅವಳು ಹೋದಳು ಅಂತೀವಿ. ಆದರೆ ಹೋಗಬೇಕಾಯ್ತು ಅಂದಾಗ ಗಂಡು ಹೆಣ್ಣು ಎರಡೂ ಮಾಯ. ಕೆಲಸ ಮೇಲೆ ಬಿದ್ದಾಗ ಯಾರ ಮೇಲೆ ಬಿತ್ತು ಅಂತ ಕನ್ನಡದ ಕ್ರಿಯಾಪದ ತೋರಿಸುವುದಿಲ್ಲ. ಇಟಾಲಿಯನ್ ಅಲ್ಲೂ ನನ್ನನ್ನು ಹೆಣ್ಣು ಅಂತ ಗುರುತಿಸುತ್ತದೆ. ನನಗೆ ಇದು ತುಂಬಾ ಇಷ್ಟ.

ಇದು ನನ್ನ ಬಾಯಿಗೆ ಕೂತದ್ದು ಒಂದು ಸಂಜೆ. ಟ್ರಾಮ್, ಬಸ್ಸು ಎಲ್ಲದರ ಮುಷ್ಕರ ಇತ್ತು. ಅದಕ್ಕೆ ಇಲ್ಲಿ ‘ಶೋಪೆರೊ’ ಅನ್ನುತ್ತಾರೆ. ಮುಷ್ಕರದ ದಿನವೂ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಗಾಡಿ ಓಡಲೇಬೇಕು ಅಂತ ನಿಯಮ ಇದೆ. ನಾನು ಕೆಲಸ ಮುಗಿಸುವಷ್ಟರಲ್ಲಿ ಆ ಹೊತ್ತು ದಾಟಿತ್ತು. ನಮ್ಮ ಮನೆ ಊರಿನ ಉತ್ತರಕ್ಕೆ, ಬರ್ರಿಯೇರಾ ದಿ ಮಿಲಾನೊ ಬಡಾವಣೆಯಲ್ಲಿ. 4ನೇ ನಂಬರಿನ ಟ್ರಾಮ್ ಹಿಡಿದರೆ ಸಾಕು, ನೇರ ಹೋಗುತ್ತದೆ. ಅವತ್ತು ನಡೆದೆ. ವಿಯಾ ರೋಮಾ ದಾಟಿ, ಪಿಯಾತ್ಸಾ ಕಸ್ತೆಲ್ಲೊ ದಾಟಿ, ಪೋರ್ತಾ ಪಲಾತ್ಸೊ ಸಂತೆ ಮೈದಾನ ದಾಟಿ, ದೋರಾ ನದಿಯ ಸೇತುವೆ ಮೇಲೆ ಬಂದಾಗ ಕಾಲು ನೋಯುತ್ತಿತ್ತು. ಆ ದಾರಿಯುದ್ದಕ್ಕೂ ನಾಳೆ ಸಿನ್ಯೋರಾಗೆ ಹೇಳಬೇಕಾದ ವಾಕ್ಯವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ನಡೆದೆ. ‘ಸೊನೊ ದೊವೂತಾ ತೊರ್ನಾರೆ ಆ ಪ್ಯೇದಿ.’ ನಡೆದುಕೊಂಡೇ ವಾಪಸ್ ಹೋಗಬೇಕಾಯ್ತು. ಬೆಳಗ್ಗೆ ಹೇಳಿದೆ. ಸಿನ್ಯೋರಾ ಮೊದಲು ‘ಪೊವೆರೀನಾ’ ಅಂದರು, ಪಾಪ ಅಂತ. ಆಮೇಲೆ, ‘ದೊವೂತಾ, ಬ್ರಾವಾ!’ ಅಂದರು.

ಮಾತಾಡುವಾಗ ಬಹಳ ಜನ ‘ಒ ದೊವೂತೊ ಅಂದಾರೆ’ ಅಂತಲೂ ಹೇಳುತ್ತಾರೆ. ಯಾರೂ ತಿದ್ದುವುದಿಲ್ಲ. ಹಾಗೆ ಹೇಳಿದಾಗ ‘ಬೇಕಾಯ್ತು’ ಅನ್ನುವುದರ ಮೇಲೆ ಒತ್ತು ಬೀಳುತ್ತದೆ. ಹೊಸದಾಗಿ ಕಲಿಯುವವರು ಹೆದರಬೇಕಾಗಿಲ್ಲ.

ಇನ್ನೊಂದು ಸಣ್ಣ ಚಂದ ಹೇಳಿ ಮುಂದೆ ಹೋಗುತ್ತೇನೆ. ಲಂಗಕ್ಕೆ ‘ಗೊನ್ನಾ’ ಅನ್ನುತ್ತಾರೆ, ಅದು ಅವರಲ್ಲಿ ಹೆಣ್ಣು ಪದ. ಅದನ್ನು ಗಿಡ್ಡ ಮಾಡಬೇಕಾಯ್ತು ಅನ್ನುವುದನ್ನು ಎರಡು ಥರ ಹೇಳಬಹುದು. ‘ಒ ದೊವೂತೊ ಅಕ್ಕೊರ್ಚಾರ್ಲಾ’ ಅಂದರೆ ‘ಅದನ್ನು’ ಅನ್ನುವ ‘ಲಾ’ ವಾಕ್ಯದ ಬಾಲದಲ್ಲಿ ಅಂಟಿಕೊಂಡಿರುತ್ತದೆ, ದೊವೂತೊ ಬದಲಾಗುವುದಿಲ್ಲ. ‘ಲೊ ದೊವೂತಾ ಅಕ್ಕೊರ್ಚಾರೆ’ ಅಂದರೆ ಆ ‘ಲಾ’ ಮುಂದಕ್ಕೆ ಬಂದು ‘ಒ’ ಜೊತೆ ಸೇರಿ ‘ಲೊ’ ಆಗಿದೆ. ಆಗ ದೊವೂತೊ ಲಂಗದ ಜೊತೆ ಹೊಂದಿಕೊಂಡು ದೊವೂತಾ ಆಗುತ್ತದೆ. ಎಲ್ಲಿ ಜೋಡಿಸಿದರೆ ಎಲ್ಲಿ ನೆರಿಗೆ ಬೀಳುತ್ತದೆ ಅಂತ ಹೊಲಿಯುವವರಿಗೆ ಗೊತ್ತಿರುತ್ತದಲ್ಲ, ಇದೂ ಹಾಗೇ.

ಈಗ ಕಷ್ಟದ ಜಾಗಕ್ಕೆ ಬಂದೆ. ಕನ್ನಡದ ‘ಬೇಕಿತ್ತು’ ಇಲ್ಲಿ ಅರ್ಧ ದಾರಿಗೆ ಕೈಬಿಡುತ್ತದೆ. ನಾವು ‘ಮಾಡಬೇಕಿತ್ತು’ ಅಂದಾಗ ಎರಡು ಥರದ ಮಾತು ಅದರಲ್ಲಿ ಸೇರಿರುತ್ತದೆ. ಒಂದು, ಮಾಡುವ ಕೆಲಸ ಇತ್ತು, ಆಯಿತೋ ಇಲ್ಲವೋ ನೋಡೋಣ. ಇನ್ನೊಂದು, ಮಾಡಿದ್ದರೆ ಚೆನ್ನಾಗಿರುತ್ತಿತ್ತು, ಮಾಡಲಿಲ್ಲ, ಇನ್ನು ಮಾಡಲೂ ಆಗುವುದಿಲ್ಲ. ಈ ಎರಡನೆಯದಕ್ಕೆ ಅವರಲ್ಲಿ ಬೇರೆಯೇ ರೂಪ ಇದೆ. ‘ಅವ್ರೇಯ್ ದೊವೂತೊ.’

ಇದನ್ನು ನಾನು ಕಲಿತದ್ದು ಒಂದು ಬಿಳಿ ರೇಷ್ಮೆ ಬ್ಲೌಸಿನಿಂದ. ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಜಾಸ್ತಿ ಕಾದಿತ್ತು. ಕಾಲರಿನ ಕೆಳಗೆ ಬೆರಳಿನ ಅಗಲದ ಹೊಳಪು ಬಂತು. ಸುಟ್ಟಿರಲಿಲ್ಲ, ಆದರೆ ಆ ಹೊಳಪು ಹೋಗಲಿಲ್ಲ. ಒಂದು ಚೂರು ಬಟ್ಟೆಯ ಮೇಲೆ ಮೊದಲು ಇಟ್ಟು ನೋಡಬೇಕಿತ್ತು, ಅಥವಾ ಒಳಗಡೆ ಹೊಲಿಗೆ ಬಿಟ್ಟ ಜಾಗದಲ್ಲಿ. ನಾನು ಅದನ್ನೇ ಹೇಳಲು ಹೋಗಿ ‘ದೊವ್ರೇಯ್ ಅವೆರೆ ಪ್ರೊವಾತೊ’ ಅಂದೆ. ಮತ್ತೆ ಇಂಗ್ಲಿಷಿನ ‘ಶುಡ್ ಹ್ಯಾವ್’ ಬಂದು ಕೂತಿತ್ತು. ಇಂಗ್ಲಿಷಿನಲ್ಲಿ ಭೂತಕಾಲ ಹೋಗಿ ಮುಖ್ಯ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ನಾನು ಹೇಳಿದ ವಾಕ್ಯಕ್ಕೆ, ಬಹುಶಃ ನಾನು ನೋಡಿರಬೇಕು ಅನ್ನುವಂಥ ಅರ್ಥ ಬಂತು. ಸಿನ್ಯೋರಾ ಹುಬ್ಬು ಗಂಟಿಕ್ಕಿ, ನೋಡಿದೆಯೋ ಇಲ್ಲವೋ ಅಂತ ಕೇಳಿದರು.

ಸರಿಯಾದದ್ದು ‘ಅವ್ರೇಯ್ ದೊವೂತೊ ಪ್ರೊವಾರೆ’. ಇಲ್ಲಿ ಭೂತಕಾಲ, ಪಶ್ಚಾತ್ತಾಪ ಎಲ್ಲ ದೊವೇರೆಯ ಮೇಲೆ. ‘ಪ್ರೊವಾರೆ’ ಏನೂ ಬದಲಾಗದೆ ಹಾಗೇ ನಿಂತಿರುತ್ತದೆ. ಕನ್ನಡದ ‘ನೋಡಬೇಕಿತ್ತು’ ಬಿಡಿಸಿ ನೋಡಿ. ‘ನೋಡ’ ಹಾಗೇ ಇದೆ. ಹಿಂದಿನ ಕಾಲ ಎಲ್ಲ ‘ಬೇಕಿತ್ತು’ ಮೇಲಿದೆ. ಕಟ್ಟುವ ರೀತಿ ಒಂದೇ! ಇಲ್ಲೂ ಕನ್ನಡದಿಂದ ಹೊರಟಿದ್ದರೆ ದಾರಿ ತಪ್ಪುತ್ತಿರಲಿಲ್ಲ. ಹೋಗು, ಬಾ ಅನ್ನುವಂಥವಕ್ಕೆ ‘ಸರೇಯ್ ದೊವೂತಾ’ ಅಂತಾಗುತ್ತದೆ, ಅಷ್ಟೇ ವ್ಯತ್ಯಾಸ.

ಅವತ್ತು ಸಿನ್ಯೋರಾ ಬೇಸರದಲ್ಲಿ ‘ದೊವೇವಿ ದೀರ್ಮೆಲೊ!’ ಅಂದರು. ನನಗೆ ಹೇಳಬೇಕಿತ್ತು! ಪುಸ್ತಕದ ಪ್ರಕಾರ ಇಲ್ಲಿ ‘ಅವ್ರೆಸ್ತಿ ದೊವೂತೊ’ ಬರಬೇಕು, ಅಂದರೆ ‘ಅವ್ರೇಯ್ ದೊವೂತೊ’ದ ‘ನೀನು’ ರೂಪ. ಮನಸ್ಸಿಗೆ ಚುಚ್ಚಿದಾಗ ಜನ ಅಷ್ಟು ಉದ್ದ ಹೇಳುವುದಿಲ್ಲ, ‘ದೊವೇವಿ’ ಅಂತ ಒಗೆಯುತ್ತಾರೆ. ಉದ್ದದ್ದು ಮೆತ್ತಗೆ, ಗಿಡ್ಡದ್ದು ಒರಟು. ಯಾರಾದರೂ ನಿಮಗೆ ‘ಅವ್ರೆಸ್ತಿ ದೊವೂತೊ’ ಅಂತ ಹೇಳಿದರೆ ಅವರು ಮಾತನ್ನು ತೂಕ ಹಾಕಿ ಆಡುತ್ತಿದ್ದಾರೆ ಅಂತ ತಿಳಿಯಿರಿ. ಸಂಜೆ ಹೊತ್ತಿಗೆ ಸಿನ್ಯೋರಾ ತಾವೇ ಆ ಬ್ಲೌಸಿನ ಕಾಲರ್ ಬಿಚ್ಚಿ, ಬಟ್ಟೆ ಒಳಮಗ್ಗುಲಾಗಿ ತಿರುಗಿಸಿ ಹಾಕಿ, ಹೊಳಪು ಕಾಣದ ಹಾಗೆ ಮಾಡಿದರು. ನಾನು ಪಕ್ಕದಲ್ಲಿ ನಿಂತು ದೀಪ ಹಿಡಿದುಕೊಂಡಿದ್ದೆ.

ದೊವೇರೆ ಇಲ್ಲದೆಯೂ ‘ಬೇಕಿತ್ತು’ ಹೇಳುವ ದಾರಿಗಳು ಬೇಕಾದಷ್ಟಿವೆ. ‘ಬಿಸೊನ್ಯಾವಾ’ ಅಂದರೆ ಯಾರು ಅಂತ ಹೇಳದ ಬೇಕಿತ್ತು. ನಾನು, ನೀನು ಅಂತ ಅದಕ್ಕೆ ಬೇರೆ ಬೇರೆ ರೂಪ ಇಲ್ಲ, ನಮ್ಮ ಬೇಕಿನ ಹಾಗೆ. ‘ಅಂದಾವಾ ಸ್ತಿರಾತೊ’ ಅಂದರೆ ಇಸ್ತ್ರಿ ಆಗಬೇಕಿತ್ತು. ಹೋಗುವುದು ಅನ್ನುವ ಪದವೇ ಇಲ್ಲಿ ಬೇಕು ಆಗಿಬಿಡುತ್ತದೆ. ಅಂಗಡಿಯಲ್ಲಿ ಚೀಟಿ ಬರೆಯುವಾಗ ಇದು ದಿನಾ ಬರುತ್ತದೆ. ‘ಅವೇವೊ ದ ಫಾರೆ’ ಅಂದರೆ ಕೈತುಂಬ ಕೆಲಸ ಇತ್ತು ಅಂತ. ಇವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ‘ಮಿ ಎ ತೊಕ್ಕಾತೊ’. ತೊಕ್ಕಾರೆ ಅಂದರೆ ಮುಟ್ಟುವುದು. ‘ಮಿ ಎ ತೊಕ್ಕಾತೊ ಸ್ಕುಚೀರೆ ತುತ್ತೊ’ ಅಂದರೆ ಎಲ್ಲ ಹೊಲಿಗೆ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಇಷ್ಟವಿಲ್ಲದಿದ್ದರೂ ಬಂತು, ಮಾಡಿದೆ. ‘ಮಿ’ ಅಂದರೆ ‘ನನಗೆ’. ನನಗೆ ಬೇಕು, ನನಗೆ ಹಸಿವು, ನನಗೆ ಬಂತು ಅಂತ ಕನ್ನಡದಲ್ಲಿ ಹುಟ್ಟಿನಿಂದ ಹೇಳಿಕೊಂಡು ಬಂದವರಿಗೆ ಇದು ಸಲೀಸು.

ಇಷ್ಟೆಲ್ಲ ಹೋಲಿಕೆ ಇದ್ದರೂ ಬುಡದಲ್ಲಿ ಒಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ನನಗೆ ಕಾಫಿ ಬೇಕು, ನಾನು ಹೋಗಬೇಕು, ಎರಡೂ ಒಂದೇ ಬೇಕು. ಆಸೆಯೂ ಅದೇ, ಕರ್ತವ್ಯವೂ ಅದೇ. ಇಟಾಲಿಯನ್‌ನಲ್ಲಿ ಆಸೆಗೆ ಬೇರೆ ಪದ, ‘ವೊಲೇರೆ’. ದೊವೇರೆ ಬಂದಿರುವುದು ಲ್ಯಾಟಿನ್‌ನ ‘ದೆಬೇರೆ’ ಅನ್ನುವ ಪದದಿಂದ. ಸಾಲ ಅನ್ನುವ ‘ದೇಬಿತೊ’ ಕೂಡ ಅಲ್ಲಿಂದಲೇ ಬಂದದ್ದು. ನಮ್ಮ ಗಿರಾಕಿಗಳು ಬಟ್ಟೆ ತಗೊಂಡು ‘ಕ್ವಾಂತೊ ಲೆ ದೇವೊ?’ ಅಂತ ಕೇಳುತ್ತಾರೆ. ನಿಮಗೆ ಎಷ್ಟು ಕೊಡಬೇಕು? ಅಲ್ಲಿ ‘ದೇವೊ’ ಅಂದರೆ ಬಾಕಿ ಇದ್ದೇನೆ ಅಂತಲೇ. ಹಾಗಾಗಿ ‘ದೊವೇವೊ’ ಅಂದಾಗ ಹಿಂದೆ ಯಾವುದೋ ಬಾಕಿ ಇತ್ತು ಅನ್ನುವ ಭಾರ ಅದರಲ್ಲಿ ನನಗೆ ಕೇಳಿಸುತ್ತದೆ.

ಆ ಭಾರ ಎಷ್ಟು ಅಂತ ಗೊತ್ತಾದದ್ದು ಕಳೆದ ಚಳಿಗಾಲದಲ್ಲಿ.

ಸಿನ್ಯೋರಾ ಸಿಸಿಲಿಯವರು. 1963ರಲ್ಲಿ, ಹನ್ನೊಂದು ವರ್ಷದವರಿದ್ದಾಗ, ಅಪ್ಪ ಅಮ್ಮನ ಜೊತೆ ರೈಲಿನಲ್ಲಿ ತೊರೀನೊಗೆ ಬಂದರು. ಆ ಕಾಲದಲ್ಲಿ ದಕ್ಷಿಣದಿಂದ ಲಕ್ಷಗಟ್ಟಲೆ ಜನ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಬಂದಿದ್ದರು. ಇಲ್ಲಿನ ಕಾರು ಕಾರ್ಖಾನೆ ಅವರಿಂದಲೇ ಬೆಳೆಯಿತು. ಸಿಸಿಲಿಯಿಂದ ಇಲ್ಲಿಗೆ ಓಡುತ್ತಿದ್ದ ರೈಲಿಗೆ ‘ತ್ರೇನೊ ದೆಲ್ ಸೋಲೆ’ ಅಂತ ಹೆಸರು. ಸೂರ್ಯನ ರೈಲು.

ಅವತ್ತು ಮಳೆ ಬರುತ್ತಿತ್ತು, ಗಿರಾಕಿಗಳಿರಲಿಲ್ಲ. ಇಬ್ಬರೂ ಕೂತು ಕಾಜಾ ಹೊಲಿಯುತ್ತಿದ್ದೆವು. ನಾನು ಸುಮ್ನೆ, ಈ ಕೆಲಸ ಎಲ್ಲಿ ಕಲಿತಿರಿ ಅಂತ ಕೇಳಿದೆ. ಅವರು ತಲೆ ಎತ್ತಲಿಲ್ಲ. ಸೂಜಿ ಹೋಗಿ ಬರುತ್ತಲೇ ಇತ್ತು. ‘ದೊವೇವೊ ಅಂದಾರೆ ಅ ಸ್ಕ್ವೋಲಾ,’ ಅಂದರು. ದಾರ ಎಳೆದು ಬಿಗಿ ಮಾಡಿದರು. ‘ಎ ಇನ್ವೇಚೆ ದೊವೆತ್ತಿ ಲವೊರಾರೆ.’

ಶಾಲೆಗೆ ಹೋಗಬೇಕಿತ್ತು. ಅದರ ಬದಲು ಕೆಲಸಕ್ಕೆ ಹೋಗಬೇಕಾಯ್ತು.

‘ದೊವೆತ್ತಿ’ ಅನ್ನುವುದೂ ‘ಒ ದೊವೂತೊ’ ಥರವೇ. ಮುಗಿದ ಕೆಲಸ, ಆದರೆ ಬಹಳ ಹಿಂದಿನದು. ತೊರೀನೊದಲ್ಲಿ ಮಾತಾಡುವಾಗ ಇದು ಕೇಳಿಸುವುದೇ ಅಪರೂಪ, ಪುಸ್ತಕದಲ್ಲಿ ಓದಬೇಕು. ದಕ್ಷಿಣದವರ ಬಾಯಲ್ಲಿ, ಅದರಲ್ಲೂ ಸಿಸಿಲಿಯವರ ಬಾಯಲ್ಲಿ, ಇನ್ನೂ ಜೀವಂತ ಇದೆ. ಸಿನ್ಯೋರಾ ದಿನವಿಡೀ ‘ಒ ದೊವೂತೊ’ ಅಂತಲೇ ಹೇಳುತ್ತಾರೆ. ಹುಡುಗಿಯಾಗಿದ್ದ ಕಾಲದ ಮಾತು ಬಂದಾಗ ಮಾತ್ರ ‘ದೊವೆತ್ತಿ’ ಹೊರಗೆ ಬರುತ್ತದೆ. ಹದಿನಾಲ್ಕು ವರ್ಷದವರೆಗೆ ಎಲ್ಲ ಮಕ್ಕಳೂ ಶಾಲೆಗೆ ಹೋಗಬೇಕು ಅಂತ 1962ರ ಡಿಸೆಂಬರ್‌ನಲ್ಲೇ ಇಲ್ಲಿ ಕಾನೂನು ಆಗಿತ್ತು. ಇವರು ಹನ್ನೆರಡಕ್ಕೇ ಒಬ್ಬ ದರ್ಜಿಯ ಹತ್ತಿರ ನೆಲದ ಮೇಲಿನ ಗುಂಡುಸೂಜಿ ಆರಿಸುವ ಕೆಲಸಕ್ಕೆ ಸೇರಿದರು. ಒಂದೇ ಉಸಿರಿನಲ್ಲಿ ಎರಡು ಭೂತಕಾಲ. ಆಗದೇ ಉಳಿದದ್ದು ಒಂದರಲ್ಲಿ, ಆಗಿಹೋದದ್ದು ಇನ್ನೊಂದರಲ್ಲಿ. ನಾನು ಏನೂ ಹೇಳಲಿಲ್ಲ. ಹೊಸ ದಾರ ಪೋಣಿಸಿ ಅವರ ಕೈಗೆ ಕೊಟ್ಟೆ. ಅವರ ಕಣ್ಣಿಗೆ ಈಗ ಸೂಜಿಯ ತೂತು ಸರಿಯಾಗಿ ಕಾಣುವುದಿಲ್ಲ.

ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಬೂದು ಬಣ್ಣದ ಉಣ್ಣೆಯ ಓವರ್‌ಕೋಟ್ ಇದೆ. ವಯಸ್ಸಾದ ಒಬ್ಬರು ನವೆಂಬರ್‌ನಲ್ಲಿ ಲೈನಿಂಗ್ ಬದಲಾಯಿಸಲು ಕೊಟ್ಟಿದ್ದರು. ಗುರುವಾರ ಬರುತ್ತೇನೆ ಅಂದಿದ್ದರು. ನಂಬರ್ ಕೊಟ್ಟಿರಲಿಲ್ಲ. ಲೈನಿಂಗ್ ಹಾಕಿದ್ದು ನಾನೇ. ಕಡು ಹಸಿರು, ಒಳಜೇಬಿನ ಅಂಚಿಗೆ ಕೈಹೊಲಿಗೆ. ಮಾರ್ಚ್ ಆಯ್ತು, ಚಳಿ ಹೋಯ್ತು. ಅವರು ಬಂದಿಲ್ಲ.

ನಾನು ಒಂದು ದಿನ ‘ದೇವೆ ಎಸ್ಸೆರ್ಸಿ ದಿಮೆಂತಿಕಾತೊ’ ಅಂದೆ. ಮರೆತಿರಬೇಕು. ಈ ವಾಕ್ಯ ಯಾರೂ ಹೇಳಿಕೊಡದೆ ಬಂತು. ಊಹೆ ಮಾಡುವಾಗಲೂ ಅವರು ದೊವೇರೆಯನ್ನೇ ಬಳಸುತ್ತಾರೆ, ನಾವೂ ಬೇಕನ್ನೇ ಬಳಸುತ್ತೇವೆ. ‘ಮರೆತಿರ’ ಹಿಂದಿನದು, ‘ಬೇಕು’ ಈಗಿನದು. ಅವರದ್ದೂ ಹಾಗೇ.

ಸಿನ್ಯೋರಾ ತಲೆ ಅಲ್ಲಾಡಿಸಿದರು. ಕೋಟಿನ ಭುಜದ ಮೇಲಿನ ಧೂಳನ್ನು ಬ್ರಷ್‌ನಲ್ಲಿ ಒರೆಸಿದರು. ‘ದೊವೇವಾ ವೆನೀರೆ ಜೊವೆದೀ,’ ಅಂದರು. ಗುರುವಾರ ಬರಬೇಕಿತ್ತು. ‘ಸರೆಬ್ಬೆ ದೊವೂತೊ’ ಅನ್ನಲಿಲ್ಲ, ಅದು ‘ಸರೇಯ್ ದೊವೂತಾ’ದ ‘ಅವನು’ ರೂಪ. ಅದನ್ನು ಅಂದಿದ್ದರೆ ಇನ್ನು ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು. ಕೋಟಿಗೆ ಹೊಸ ಪ್ಲಾಸ್ಟಿಕ್ ಕವರ್ ಹಾಕಿ, ಬಾಗಿಲಿಗೆ ಹತ್ತಿರದ ಕೊಕ್ಕೆಗೆ ಮತ್ತೆ ತೂಗುಹಾಕಿದರು.